ಒಂಬತ್ತನೇ ತಕ್ಕಡಿ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ
ಒಂಬತ್ತನೇ ತಕ್ಕಡಿ ತೊದಲುತ್ತಿದೆಯೆಂದು
ಬೆಳಗಿನ ಆರೂವರೆಗೇ ಫೋನು.
ದೀಪ ಉರಿಯುತ್ತದೆ, ಪಿಂಗ್ ಕಳಿಸಿದರೆ ಓಗೊಡುತ್ತದೆ,
ಹರಾಜು ಬಿಸಿಯೇರುವ ಹೊತ್ತಿಗೆ ಸರಿಯಾಗಿ
ಗಂಟಲು ಕಟ್ಟುತ್ತದೆ.
‘ಸಾಯೋದೂ ಇಲ್ಲ, ಬದುಕೋದೂ ಇಲ್ಲ’
ಅಂದರು ತೂಕದ ಮುನಿಲಕ್ಷ್ಮಮ್ಮ.

ಏಣಿ ಹತ್ತಿದೆ.
ಅಟ್ಟದ ಧೂಳಿನಲ್ಲಿ ಒಂದು ಹಳೆಯ ಹಬ್ಬು,
ತಂತಿಯಿಲ್ಲದ ಎಂಟು ಬಾಯಿ ತೆರೆದುಕೊಂಡು.

ಅದರ ಸಂಸಾರ ನನಗೆ ಗೊತ್ತು.
ಒಬ್ಬನಿಗೆ ಹೇಳಿದ್ದು ಎಲ್ಲರಿಗೂ ಕೇಳುತ್ತಿತ್ತು.
ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಎರಡು ಮಾತೂ ಹಾಳು.
ಆಮೇಲೆ ಇಬ್ಬರೂ ಸುಮ್ಮನಾಗಿ,
ಮನಸ್ಸಿಗೆ ಬಂದಷ್ಟು ಎಣಿಸಿ,
ಮತ್ತೆ ಶುರು.

ಈಗ ಸ್ವಿಚ್ಚು. ಯಾರ ಮಾತು ಯಾರ ಮನೆಗೆಂದು
ಅದಕ್ಕೆ ಬಾಯಿಪಾಠ.
ಕಚೇರಿಯಿಂದ ಬರುವ ದಾರಿ ಗಾಜಿನದು,
ಹೋಗಲೊಂದು ಎಳೆ, ಬರಲೊಂದು ಎಳೆ,
ಬಿಸಿನೀರಲ್ಲಿ ಬಿಚ್ಚದ, ರಾಟೆಗೆ ಸಿಗದ ಎಳೆ.
ಅದು ಬಂದು ತಲುಪುವ ಪುಟ್ಟ ಡಬ್ಬಿಯಿಂದಾಚೆ
ತಾಮ್ರ, ಹದಿನೆಂಟು ಅಡಿ.

ತಕ್ಕಡಿಯ ಬೆನ್ನಿಗೆ ಒಂದು ಚೀಟಿ:
‘ಹಾಫ್‌ನಲ್ಲಿದೆ. ಮುಟ್ಟಬೇಡಿ. ವಾಜಿದ್.’

ಅಷ್ಟೇ ಕತೆ.
ಡಬ್ಬಿ ಎಡೆಬಿಡದೆ ಮಾತಾಡುತ್ತದೆ,
ಇಬ್ಬರೂ ಒಟ್ಟಿಗೇ ಆಡಬಹುದೆಂದು ನಂಬಿದ್ದು ಅದು.
ತಕ್ಕಡಿ ತುಟಿ ಬಿಚ್ಚಿದಾಗ ಅತ್ತಲಿಂದ ದನಿ ಬಂದರೆ
ತಪ್ಪು ತನ್ನದೇ ಎಂದುಕೊಂಡು
ಅರ್ಧ ತೂಕಕ್ಕೇ ನಿಲ್ಲಿಸುತ್ತದೆ.
ಇದರ ಲೆಕ್ಕದಲ್ಲಿ: ಡಿಕ್ಕಿ, ಡಿಕ್ಕಿ, ತಡವಾದ ಡಿಕ್ಕಿ.
ಅದರ ಲೆಕ್ಕದಲ್ಲಿ: ಮುರಿದ ಮಾತು, ಕಾರಣ ತಿಳಿಯದು.
ಜಗಳವಾಗಿದೆ ಎಂಬುದೇ ಒಬ್ಬರಿಗೆ ಗೊತ್ತಿಲ್ಲ.

‘ಯಾರಕ್ಕಾ ಈ ವಾಜಿದ್?’
‘ರೀಲರ್ ಮಸ್ತಾನ್ ಸಾಬರ ಮಗ. ನೇಮದ ಹುಡುಗ.’
ಹೌದು. ಹಬ್ಬಿನ ಕಾಲಕ್ಕೆ ಅವನು ಬರೆದದ್ದು ಸರಿಯೇ.
ಹಬ್ಬು ಅಟ್ಟ ಸೇರಿದ್ದನ್ನು
ತಕ್ಕಡಿಗೆ ಯಾರೂ ಹೇಳಲಿಲ್ಲ.

ಎರಡೂ ಕಡೆ ಆಟೋ ಮಾಡಿದೆ.
ಅವು ಒಂದು ಕ್ಷಣ ಪರಸ್ಪರ ವಿಚಾರಿಸಿಕೊಂಡವು.
ನಲವತ್ತೊಂದು ಕಿಲೋ ಮುನ್ನೂರೈವತ್ತು ಗ್ರಾಂ,
ಬುಟ್ಟಿ ಇಳಿಸುವ ಮೊದಲೇ ಪರದೆಯ ಮೇಲೆ.
ಚೀಟಿ ಕೀಳಲು ಮನಸ್ಸಾಗಲಿಲ್ಲ.
ಕೆಳಗೆ ಬರೆದೆ: ‘ಮುಟ್ಟಿದ್ದೇನೆ. ಅಂಬುಜಾಕ್ಷಿ.’

ಮುನಿಲಕ್ಷ್ಮಮ್ಮ ಮಾತ್ರ ಇನ್ನೂ
ಒಂದು ತೂಕ ಕೂಗಿ, ಪೆನ್ನು ಎತ್ತಿ ಹಿಡಿದು,
ಪರದೆ ಹೂಂಗುಟ್ಟಲೆಂದು ನಿಲ್ಲುತ್ತಾರೆ.
ಸಾಲು ಬೆಳೆಯುತ್ತದೆ, ಬುಟ್ಟಿಯವರು ಗೊಣಗುತ್ತಾರೆ.
‘ಈಗ ಕಾಯಬೇಕಾಗಿಲ್ಲ ಅಕ್ಕಾ,
ನೀವು ಹೇಳುತ್ತಿರುವಾಗಲೇ ಅದೂ ಹೇಳುತ್ತೆ,
ಎರಡೂ ಒಟ್ಟಿಗೇ ನಡೆಯುತ್ತೆ,’ ಅಂದೆ.

ನನ್ನ ಮಾತು ಪೂರ್ತಿ ಮುಗಿಯುವ ತನಕ ಕಾದು
‘ಅಭ್ಯಾಸ’ ಅಂದರು.