ಎರಡು ಗುಡಿಸು, ಒಂದು ಸೊನ್ನೆ

ಸೇಡಂ ಬಸ್ ಸ್ಟ್ಯಾಂಡಿನ ಹಿಂದೆ, ಝೆರಾಕ್ಸ್ ಅಂಗಡಿಯಲ್ಲಿ
ನಾನು ಭೀಮಶಾ, ದಿನಕ್ಕೆ ಹತ್ತು ತಾಸು
ಅರ್ಜಿ, ಬಾಡಿಗೆ ಕರಾರು, ಶ್ರದ್ಧಾಂಜಲಿಯ ಬ್ಯಾನರು.
ಎಲ್ಲಕ್ಕೂ ಒಂದೇ ಫಾಂಟು,
ಇಸ್ತ್ರಿ ಅಂಗಿ ತೊಟ್ಟು ಸಾಲಾಗಿ ನಿಂತ ಗುಮಾಸ್ತರಂಥದ್ದು.

ದಾವಲಬಿ ಬಂದದ್ದು ಕರೆಂಟು ಬಂದ ಮೇಲೆ.
ಬಗಲಲ್ಲಿ ಕೌದಿಯ ಗಂಟು,
ಗಂಟಿನ ಮೇಲೆ ಫರಸಿ ಕಲ್ಲಿನ ಧೂಳು.
"ನನ್ನ ಕೌದಿಗಿ ಹೆಸರು ಬರದು ಕೊಡು.
ಚಿಂದಿ ಅಂತ. ಮೊಮ್ಮಗಳು ಇಟ್ಟಾಳ.
ಬೋರ್ಡಿಗಿ ಒಂದು, ಮೂಲ್ಯಾಗ ಹೊಲಿಯೋ ಪಟ್ಟಿಗಿ ಒಂದು.
ಕಚೇರಿ ಅಕ್ಷರ ಬ್ಯಾಡ,
ನಗೋ ಅಕ್ಷರ ಬೇಕು."

ನಗುವ ಅಕ್ಷರ!
ಡಿ ಡ್ರೈವಿನಲ್ಲಿ ಇನ್ನೂರಾ ಮೂವತ್ತು ಫಾಂಟು ಮಲಗಿವೆ,
ನಾನು ಮುಟ್ಟಿದ್ದು ಆರೋ ಏಳೋ.
ಒಂದೊಂದೇ ಎಬ್ಬಿಸಿದೆ.

ಮೊದಲನೆಯದು ಮದುವೆ ಕಾರ್ಡಿನದು, ಮೈತುಂಬ ಬಳ್ಳಿ.
"ಇದು ಬಂಗಾರ ಹಾಕ್ಕೊಂಡು ಸೆಕಿಗಿ ಬೆವತದ."
ಎರಡನೆಯದು ಚುನಾವಣೆಯ ದಪ್ಪ.
"ಒದರ್ತದ. ಮಲಗೋ ಹಾಸಿಗಿ ಮ್ಯಾಲ ಯಾರರ ಒದರ್ತಾರೇನು?"
ಮೂರನೆಯದು ಬ್ರಶ್ಶಿನ ಗೀಚು, ಈಗಿನ ಹುಡುಗರು ಕೇಳುವಂಥದ್ದು.
"ತುದಿ ಹರದದ. ನಾ ಹರಕ ಕೂಡಸಾಕಿ."
ಮತ್ತೊಂದು ತೆರೆದರೆ
ಅಕ್ಷರದ ಬದಲು ಬರೀ ಚೌಕ, ಖಾಲಿ ಡಬ್ಬಿಗಳ ಸಾಲು.
"ಇದೇ ಇರಲಿ," ನಕ್ಕಳು,
"ನನಗ ಎಲ್ಲಾ ಕಾಣೋದು ಹಿಂಗೇ."

ಆಗ ತಿಳಿಯಿತು, ದಾವಲಬಿಗೆ ಓದಲು ಬರುವುದಿಲ್ಲ.

ನಲವತ್ತು ವರ್ಷ ಮಂದಿಯ ಹೆಸರು ಹೊಲಿದಿದ್ದಾಳೆ,
ಬಾಣಂತಿಯ ಕೌದಿಗೆ ಕೂಸಿನದು,
ಹಾಸ್ಟೆಲಿಗೆ ಹೋಗುವ ಕೌದಿಗೆ ಹುಡುಗನದು, ಕಳುವಾಗದಿರಲೆಂದು.
ಚೀಟಿಯಲ್ಲಿ ಬರೆದುಕೊಟ್ಟ ದಾರಿಯಲ್ಲಿ
ಸೂಜಿಯನ್ನು ನಡೆಸಿಕೊಂಡು ಹೋಗಿದ್ದಾಳೆ.
"ಕ ಅಂದ್ರ ನಡುವಿನ ಗೆರಿ, ನಾಕು ಟಾಕಿ.
ರ ಅಂದ್ರ ಸುತ್ತಿ ಮನಿಗೆ ಬರೋದು.
ಮ ಬಂತಂದ್ರ ದಾರ ಸಾಲಂಗಿಲ್ಲ."

ಆಮೇಲಿನದು ಉಬ್ಬಿದ ಪೂರಿಯಂಥ ಫಾಂಟು.
ಒಂದಕ್ಷರ ಮೇಲೆ, ಒಂದು ಕೆಳಗೆ,
ಗುಡಿಸುಗಳು ವಾರೆ ಟೊಪ್ಪಿಗೆಯ ಪಡ್ಡೆಗಳ ಹಾಗೆ,
ನಡುವೆ ಸೊನ್ನೆ, ಗೋಲಿಯಂತೆ,
ಸಾಲು ಬಿಟ್ಟು ಉರುಳಿ ಹೋಗಲು ಸಮಯ ಕಾಯುತ್ತ.

ಈ ಸಲ ಆಕೆ ಮಾತಾಡಲಿಲ್ಲ.
ಪರದೆಯ ಮೇಲೆ ಹೆಬ್ಬೆರಳಿಟ್ಟು ಗೆರೆಯ ಜೊತೆ ನಡೆದಳು,
ತಿರುವಿನಲ್ಲಿ ನಿಂತಳು.
"ಇಲ್ಲಿ ಸೂಜಿ ಸಲೀಸ ಹೊಳ್ಳತದ.
ಇದರ ಹೊಟ್ಟಿನೂ ದೊಡ್ಡದದ, ದಾರ ತುಂಬಿ ಮುಚ್ಚಂಗಿಲ್ಲ."
ಹನ್ನೆರಡು ವರ್ಷ ಇದೇ ಕುರ್ಚಿಯಲ್ಲಿ ಕೂತು
ಅಕ್ಷರಕ್ಕೊಂದು ಹೊಟ್ಟೆ ಇದೆಯೆಂದು ನಾನು ನೋಡಿರಲಿಲ್ಲ.

ಬೋರ್ಡಿನದು ದೊಡ್ಡದಾಗಿ ಬಂತು, ಕುಣಿಯುತ್ತಲೇ ಬಂತು.
ಪಟ್ಟಿಗೆಂದು ಸಣ್ಣದು ಮಾಡಿದೆ, ಕಿರುಬೆರಳ ಉಗುರಿನಷ್ಟು.
ಟೋನರ್ ಮುಗಿಯುತ್ತ ಬಂದಿತ್ತು.
ಗುಡಿಸಿನ ಕಣ್ಣು ಎರಡೂ ಕಡೆ ಮುಚ್ಚಿ
ತಲಕಟ್ಟಾಗಿ ಬಿದ್ದುಕೊಂಡಿದ್ದವು.
ಓದಿದೆ: ಚಂದ.

"ತಪ್ಪಾಗ್ಯಾದ ಖಾಲಾ. ಸಣ್ಣದು ಮಾಡಿದ್ರ
ಚಿಂದಿ ಹೋಗಿ ಚಂದ ಆಗ್ಲತ್ತದ. ಬ್ಯಾರೆ ನೋಡಮು."
"ಎರಡಕ್ಕ ಫರಕು ಎಷ್ಟು?"
"ಮ್ಯಾಲಿನ ಎರಡು ಗುಡಿಸು."
"ಅಷ್ಟೇ?"

ಗಂಟಿನಿಂದ ಇಣುಕುತ್ತಿದ್ದ ಮೂಲೆಯನ್ನು ಸವರಿದಳು.
ಸಿಮೆಂಟ್ ಫ್ಯಾಕ್ಟರಿಯ ಖಾಕಿ,
ಅದರ ಪಕ್ಕ ಯಾರದೋ ಲುಂಗಿಯ ಚೌಕಳಿ,
ಶಾಲೆಯ ನೀಲಿ, ಮಸಿಯ ಕಲೆ ಇನ್ನೂ ಹೋಗಿಲ್ಲ.
"ಇರಲಿ ಬಿಡು ಬೇಟಾ.
ಗಿರಾಕಿ ಕೇಳಿದ್ರ
ಗುಡಿಸಿಗಿ ದಾರ ಸಾಲಲಿಲ್ಲ ಅಂತೀನಿ."

ಒಲ್ಲದ ಹಾಳೆಗಳನ್ನೂ ಮಡಚಿ ಒಯ್ದಳು,
ಹಿಂದಿನ ಮಗ್ಗಲು ಖಾಲಿ ಇದೆಯೆಂದು.

ಸಂಜೆ ಯಾರೋ ಪಿಂಚಣಿಯ ಅರ್ಜಿ ಹಿಡಿದು ಬಂದರು.
ಅವಸರದಲ್ಲಿ ಟೈಪು ಮಾಡಿ ತಲೆಯೆತ್ತಿದರೆ
ಮಾನ್ಯ ತಹಶೀಲ್ದಾರರು
ಒಂದಕ್ಷರ ಮೇಲೆ, ಒಂದಕ್ಷರ ಕೆಳಗೆ
ಟೊಪ್ಪಿಗೆ ವಾರೆ ಮಾಡಿಕೊಂಡು ನಿಂತಿದ್ದರು.

ಬದಲಿಸಿದೆ, ಮತ್ತೇನು ಮಾಡಲಿ.
ತುಸು ತಡ ಮಾಡಿ ಬದಲಿಸಿದೆ.