ಕಡಂಗದ ದಾರಿ

ತಡಿಯಂಡಮೋಳಿಗೆ ಮೂರು ಸಲ ಹೋಗಿ ಬಂದಾಯಿತು.
ಅಲ್ಲಿ ಈಗ ತುದಿಯಲ್ಲಿ ನಿಲ್ಲಲೂ ಸರದಿ.
ಈ ಭಾನುವಾರ ಬೈಕು ತೆಗೆಯಲಿಲ್ಲ.
ಅಮ್ಮತ್ತಿಯ ಬಾಡಿಗೆ ಮನೆಯ ಹಿಂದೆ
ಬಚ್ಚಲ ನೀರು ಹರಿದುಹೋಗುವ ಕಡೆಗೆ
ಸುಮ್ಮನೆ ನಡೆದೆ.

ಫೋನಿನ ನಕ್ಷೆಯಲ್ಲಿ ಅಲ್ಲಿ ಬರೀ ಹಸಿರು;
ನೀಲಿ ಚುಕ್ಕೆ ನಾನು, ದಾರಿಯಿಲ್ಲದೆ ಮಿಡುಕುತ್ತಾ.
ಕಾಲಿಗೆ ಮಾತ್ರ ದಾರಿ ಇತ್ತು:
ಯಾರ ಕಾಲದ ಯುದ್ಧಕ್ಕೋ ತೋಡಿದ ಕಡಂಗ,
ಅದರೊಳಗೆ ಜರಿಗಿಡ, ಮುಳ್ಳುಹಂದಿ ಉದುರಿಸಿದ ಒಂದು ಮುಳ್ಳು,
ಹಳೆಯ ಆನೆ ಲದ್ದಿಯಲ್ಲಿ ಮೊಳೆತ
ಎರಡೆಲೆಯ ಹಲಸು.

ಕಂಡುಹಿಡಿದೆ ಎಂದು ಬೀಗಿದೆ.
ಮನಸ್ಸಿನಲ್ಲೇ ಹೆಸರೂ ಇಟ್ಟೆ, ನನ್ನದೇ ಹೆಸರು,
ತುಸು ನಾಚಿಕೆಯಿಂದ.

ಆಗ ಎದುರಿಗೆ ಚೋಮಿ.
ತಲೆಯ ಮೇಲೆ ಹತ್ತು ಕಿಲೋ ರೇಷನ್ ಅಕ್ಕಿ,
ಕಾಲಲ್ಲಿ ಎರಡು ಬೇರೆ ಬೇರೆ ಬಣ್ಣದ ಚಪ್ಪಲಿ.
ನನ್ನ ನಾಲ್ಕು ಸಾವಿರದ ಬೂಟು
ಪಕ್ಕಕ್ಕೆ ಸರಿದು ಜಾಗ ಬಿಟ್ಟಿತು.

ದಾರಿ ತಪ್ಪಿತಾ?
ಇಲ್ಲ, ಸುಮ್ಮನೆ ನಡೀತಿದ್ದೀನಿ.
ಸುಮ್ಮನೆಯಾ!
ಅಕ್ಕಿ ಅಲುಗದಂತೆ ನಕ್ಕಳು.

ಈ ದಾರಿಗೆ ಹೆಸರೇನು ಅಂದೆ.
ಹೆಸರು ಯಾತಕ್ಕೆ?
ಹೋಗುವಾಗ ಸೊಸೈಟಿ, ಬರುವಾಗ ಲೈನ್‌ಮನೆ.
ಹೊಳೆ ನೋಡಬೇಕಾದರೆ ಎಡಕ್ಕೆ ಹೋಗು,
ನಾಲ್ಕರೊಳಗೆ ಮನೆ ಸೇರು.
ಆಮೇಲೆ ಇದು ಅವನ ದಾರಿ.
ಯಾರ ದಾರಿ ಎಂದು ನಾನು ಕೇಳಲಿಲ್ಲ,
ಲದ್ದಿ ದಾಟಿಯೇ ಬಂದಿದ್ದೆನಲ್ಲ.

ಎಡಕ್ಕೆ ಹೋದೆ. ಹೊಳೆ ಇತ್ತು,
ಮನೆಯಿಂದ ಇಪ್ಪತ್ತೇ ನಿಮಿಷ,
ಹದಿನಾರು ವರ್ಷ ಒಮ್ಮೆಯೂ ನನಗೆ ಕೇಳಿಸದ ಸದ್ದು.
ಕಲ್ಲಿನ ಮೇಲೆ ಕೂತು
ಕಾಲ್ಚೀಲದೊಳಗಿನ ಜಿಗಣೆ ಕೀಳುತ್ತಾ
ಗಡಿಯಾರ ನೋಡಿದೆ:
ಮೂರೂ ಮುಕ್ಕಾಲು.