ಕಂಡದ್ದನ್ನೇ ತೆಗೆದೆ

ಗ್ಯುಮ್ರಿಯಲ್ಲಿ ಫೆಬ್ರವರಿ. ನಲ್ಲಿಯ ನೀರು ಗಾಜಾಗಿದೆ.
ಅಡುಗೆಮೇಜಿನ ಮೇಲೆ ಮೊಟ್ಟೆಯ ತಟ್ಟೆ,
ಗುಳಿಗೊಂದರಂತೆ ತಿರುಪು, ಎಳ್ಳಿಗಿಂತ ಸಣ್ಣವು,
ಕೆಮ್ಮಿದರೆ ಹಾರಿಹೋಗುವಂಥವು.
ನಾನು ಹಲ್ಲು ಕಟ್ಟುವವಳು, ಕೈ ಪಳಗಿದೆ.
ಇಪ್ಪತ್ತು ವರ್ಷ ಕಂಡವರ ಬಾಯಿಗೆ ನಗು ಕೂರಿಸಿದ ಚಿಮುಟ
ಇವತ್ತು ಅಪ್ಪನ ಫೆಡ್ ಕ್ಯಾಮೆರಾದ
ನೆತ್ತಿ ಬಿಚ್ಚುತ್ತಿದೆ.

ಅಪ್ಪ ಹಮಾಜಾಸ್ಪ್ ತೆಗೆದ ಫೋಟೋಗಳಲ್ಲಿ
ಯಾರಿಗೂ ತಲೆಯಿಲ್ಲ.
ಮೊದಲು ಹಾಗಿರಲಿಲ್ಲ. ಮೊದಲ ಆಲ್ಬಮ್ಮಿನಲ್ಲಿ
ಹುಬ್ಬು, ಟೊಪ್ಪಿ, ಟೊಪ್ಪಿಯ ಮೇಲೊಂದಿಷ್ಟು ಆಕಾಶ,
ಅಣ್ಣ ತತುಲ್‌ನ ಎದ್ದು ನಿಂತ ಕೂದಲು ಕೂಡ.
ಭೂಮಿ ನಡುಗಿದ ಡಿಸೆಂಬರಿನ ಈಚೆಗೆ
ಎಲ್ಲರೂ ಕೊರಳಿಗೇ ಮುಗಿದುಹೋಗುತ್ತಾರೆ.
ತಗಡಿನ ದೋಮಿಕ್ಕಿನ ಬಾಗಿಲಲ್ಲಿ ಅಮ್ಮ: ಗುಂಡಿಯಿಂದ ಗುರುತು.
ಮದುವಣಗಿತ್ತಿ: ಮಣಿಸರದವರೆಗೆ.
ನಾನು: ಯಾವುದೋ ದೇಶದವರು ಕೊಟ್ಟ ಕೋಟು,
ಎರಡು ದೊಡ್ಡ ಬೂಟು.

ವರ್ದಿತೇರ್ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು:
ಮುಖಗಳನ್ನು ನೋಡಲಾರ ನನ್ನ ತಮ್ಮ,
ಎಣಿಸಿದರೆ ಒಂದು ಕಡಿಮೆ ಬೀಳುತ್ತದಲ್ಲ,
ಅದಕ್ಕೇ ಕೈ ತಂತಾನೆ ಇಳಿಯುತ್ತದೆ.
ಕೇಳಿದವರು ಲೊಚಗುಟ್ಟುತ್ತಿದ್ದರು.
ಅಪ್ಪನದು ಮಾತ್ರ ಸಾಯುವತನಕ ಒಂದೇ ಹಟ,
"ನಾನು ಕಂಡದ್ದನ್ನೇ ತೆಗೆದೆ."
ನಂಬಿದವರಿಲ್ಲ. ನಾನೂ.

ಕ್ಯಾಮೆರಾದ ಬೆನ್ನು ಕಳಚಿ, ಫಿಲ್ಮಿನ ಜಾಗಕ್ಕೆ
ಬೆಣ್ಣೆ ಸುತ್ತಿದ್ದ ಕಾಗದ ಬಿಗಿದು
ಶಟರ್ ತೆರೆದಿಟ್ಟೆ.
ಕಾಗದದ ಮೇಲೆ ಎದುರು ಮನೆ, ಕಪ್ಪು ಕಲ್ಲಿನದು,
ತಲೆಕೆಳಗಾಗಿ, ಕಿಟಕಿಯವರೆಗೆ ಮಾತ್ರ.
ವ್ಯೂಫೈಂಡರಿಗೆ ಕಣ್ಣಿಟ್ಟರೆ
ಅದೇ ಮನೆ, ಸೂರು, ಹೊಗೆಕೊಳವೆ,
ಹೊಗೆಕೊಳವೆಯ ಮೇಲೆ ಕಾವು ಕಾಯಿಸುತ್ತ ಕೂತ ಕಾಗೆ ಸಹಿತ.

ಮತ್ತೆ ನೋಡಿದೆ. ಕಾಗದ. ಕಿಂಡಿ. ಕಾಗದ.
ಕಾಗೆ ಇಲ್ಲಿದೆ, ಅಲ್ಲಿಲ್ಲ.

ಮುಂದಿನ ಕಿಂಡಿಯ ಗಾಜು ತೋಡಿನಿಂದ ಜಾರಿತ್ತು,
ಕೆಳಕ್ಕೆ, ಅರ್ಧ ಗೋಧಿಕಾಳಿನಷ್ಟು.
ಅಷ್ಟೇ.
ಗಾಜು ಕೆಳಗಿಳಿದರೆ ನೋಟ ಮೇಲೇರುತ್ತದೆ;
ಅಪ್ಪನ ಕಣ್ಣಿಗೆ ನಾವೆಲ್ಲ ಇಡಿಯಾಗಿದ್ದೆವು,
ಕೂದಲ ತುದಿಯವರೆಗೆ, ಅದರಾಚೆಯ ಬಯಲಿನವರೆಗೆ.
ಕತ್ತು ಕೊಯ್ದದ್ದು ಒಂದು ಸಡಿಲ ಹಿತ್ತಾಳೆ ಪಟ್ಟಿ.

ಕಾಫಿ ಉಕ್ಕಿ ಒಲೆ ಆರಿತು. ಏಳಲಿಲ್ಲ.
ಇಷ್ಟು ವರ್ಷ ದುಃಖದ ಲೆಕ್ಕದಲ್ಲಿ ಬರೆದಿಟ್ಟದ್ದನ್ನು
ಈಗ ಯಾವ ಖಾತೆಗೆ ಹಾಕಲಿ?

ಗಾಜಿನ ಬೂಷ್ಟು ಹತ್ತಿಯಲ್ಲಿ ಒರೆಸಿದೆ.
ಪಕ್ಕದ ಚಿನ್ನದ ಬಣ್ಣದ ಕನ್ನಡಿಗೆ ಮಾತ್ರ
ಉಸಿರೂ ತಾಗಿಸಲಿಲ್ಲ;
ಒರೆಸಿದರೆ ಬಣ್ಣವೇ ಹತ್ತಿಗೆ ಬಂದುಬಿಡುತ್ತದೆ.
ತೋಡಿಗೆ ಹಲ್ಲಿನ ಸಿಮೆಂಟು, ಕಡ್ಡಿಯ ಮೊನೆಯಷ್ಟು.
ಕಾಗೆ ಯಾವಾಗಲೋ ಹಾರಿತ್ತು,
ಹೊಗೆಕೊಳವೆಗೇ ಗುರಿ ಹೊಂದಿಸಿದೆ.
ಎಲ್ಲ ಮುಚ್ಚಿದ ಮೇಲೆ ಒಂದು ತಿರುಪು ಉಳಿಯಿತು.
ಯಾವಾಗಲೂ ಒಂದು ಉಳಿಯುತ್ತದೆ.

ಭಾನುವಾರ ಅತ್ತೆ ಬಂದಳು, ಗಾತಾ ತಂದಳು.
ಚಮಚ ಹಿಡಿದು, ಲೋಟ ಹಿಡಿದು ವಿವರಿಸಿದೆ,
ನೋಟ ಹೀಗೆ, ಗಾಜು ಹೀಗೆ.
ತಟ್ಟೆಗುದುರಿದ ಪುಡಿಯನ್ನು ಬೆರಳಲ್ಲೊತ್ತಿ ತಿನ್ನುತ್ತ
ಪೂರ್ತಿ ಕೇಳಿದಳು.
"ಇರಲಿ. ಗಾಜು ಯಾಕೆ ಜಾರಿತು, ಅದನ್ನು ಹೇಳು."

ಹೇಳಲಿಲ್ಲ. ಕಿಟಕಿಯ ಬಳಿ ನಿಲ್ಲಿಸಿದೆ.
ಕ್ಯಾಮೆರಾ ಎತ್ತಿದ್ದೇ ತಡ
ಮಂಡಿ ಮಡಿಚಿ, ಕತ್ತು ಒಳಗೆಳೆದು ಕುಗ್ಗಿದಳು,
ನಮ್ಮ ಮನೆಯವರೆಲ್ಲ ಕಲಿತ ಭಂಗಿ,
ಹೇಗಾದರೂ ತಲೆ ಉಳಿಯಲಿ ಎಂದು.
"ನೆಟ್ಟಗೆ ನಿಲ್ಲು ಅತ್ತೆ, ಸರಿಹೋಗಿದೆ."
ನಿಂತಳು. ಎತ್ತಿದೆ. ಮತ್ತೆ ಕುಗ್ಗಿದಳು.

ಕೊನೆಗೆ ನಾನೇ ಮಂಡಿ ಬಗ್ಗಿಸಿದೆ.